ಮೊದಲ ಜೇನು ಪೆಟ್ಟಿಗೆ: ಕೊಳ್ಳುವ ಮುನ್ನ ಅಳತೆ ನೋಡಿ

ಬ್ಯಾಡಗಿ ತಾಲ್ಲೂಕಿನ ಕದರಮಂಡಲಗಿ ಕಾಂತೇಶ ಸ್ವಾಮಿಯ ದೇವಸ್ಥಾನದಿಂದ ಹೆಸರಾದ ಊರು. ಸುತ್ತಲಿನ ಹೊಲಗಳಲ್ಲಿ ಗೋವಿನಜೋಳ, ಹತ್ತಿ ಮತ್ತು ಒಣಮೆಣಸಿನಕಾಯಿ ಬೆಳೆಯುತ್ತಾರೆ. ರಾಣೆಬೆನ್ನೂರಿನ ಕಡೆಗೆ ತರಕಾರಿ ಬೀಜೋತ್ಪಾದನೆಯೂ ಉಂಟು. ಜೇನು ಸಾಕಣೆಯೆಂದರೆ ಅದು ಶಿರಸಿಯವರ, ಕೊಡಗಿನವರ ಕಸುಬು, ನಮ್ಮ ಬಯಲು ಸೀಮೆಗೆ ಹೊಂದುವುದಲ್ಲ ಎಂಬ ಮಾತು ಈ ಭಾಗದಲ್ಲಿ ಬಹಳ ಕಾಲದಿಂದ ಇದೆ. ಆದರೂ ಒಂದೆರಡು ಪೆಟ್ಟಿಗೆ ಇಟ್ಟು ನೋಡೋಣ ಎನ್ನುವ ರೈತರು ಈಚೆಗೆ ಹೆಚ್ಚುತ್ತಿದ್ದಾರೆ. ಅವರು ಕೇಳುವ ಮೊದಲ ಪ್ರಶ್ನೆ, "ಪೆಟ್ಟಿಗೆ ಎಲ್ಲಿ ಸಿಗುತ್ತದೆ, ಎಷ್ಟಾಗುತ್ತದೆ?" ಎಂಬುದು.

ಈ ಪ್ರಶ್ನೆಗೆ ಉತ್ತರ ಕೊಡುವುದು ಸುಲಭ. ಆದರೆ ಅದನ್ನು ಮೊದಲು ಕೇಳುವುದು ಸರಿಯಲ್ಲ. ಯಾವ ಜಾತಿಯ ಜೇನು, ಆ ಜೇನಿಗೆ ಯಾವ ಅಳತೆಯ ಪೆಟ್ಟಿಗೆ ಎಂಬುದು ನಿರ್ಧಾರವಾಗದೆ ಹಣ ಕೊಟ್ಟರೆ, ತಂದ ಪೆಟ್ಟಿಗೆ ಅಟ್ಟದ ಮೇಲೆ ಕೋಳಿ ಕಾವು ಕೂರಿಸುವುದಕ್ಕೆ ಉಪಯೋಗವಾಗುವ ಸಂಭವವೇ ಹೆಚ್ಚು. ಪೆಟ್ಟಿಗೆಯೊಂದಿಗೆ ಜೇನು ಸಂಸಾರವನ್ನೂ ಕೊಂಡು ತಂದಿದ್ದರೆ ನಷ್ಟ ಎರಡು ಪಟ್ಟು. ತಪ್ಪು ಅಳತೆಯ ಮನೆಯಲ್ಲಿ ಜೇನು ನಿಲ್ಲುವುದಿಲ್ಲ. ಒಂದು ದಿನ ಎಲ್ಲವೂ ಎದ್ದು ಹೋಗುತ್ತವೆ.

ಯಾವ ಜೇನಿಗೆ ಪೆಟ್ಟಿಗೆ?

ನಮ್ಮ ಭಾಗದಲ್ಲಿ ಕಾಣುವ ಜೇನುಗಳಲ್ಲಿ ಹೆಜ್ಜೇನು ದೊಡ್ಡ ಮರದ ಕೊಂಬೆಗೆ, ನೀರಿನ ಟ್ಯಾಂಕಿಗೆ, ಎತ್ತರದ ಕಟ್ಟಡಕ್ಕೆ ಒಂದೇ ದೊಡ್ಡ ಎರಿ ಕಟ್ಟುತ್ತದೆ. ಕೋಲುಜೇನು ಬೇಲಿ ಗಿಡದಲ್ಲಿ ಅಂಗೈಯಗಲದ ಒಂದು ಎರಿ ಕಟ್ಟುತ್ತದೆ. ಇವೆರಡೂ ಬಯಲಿನಲ್ಲಿ, ಬೆಳಕಿನಲ್ಲಿ ವಾಸಿಸುವ ಜಾತಿಗಳು. ಇವುಗಳನ್ನು ಪೆಟ್ಟಿಗೆಯಲ್ಲಿ ಕೂಡಿಡಲು ಆಗುವುದಿಲ್ಲ. ಗೋಡೆಯ ಬಿರುಕಿನಲ್ಲಿ ಅಂಟಿನ ಕೊಳವೆ ಮಾಡಿಕೊಂಡು ಇರುವ ಮುಜಂಟಿ ಜೇನಿಗೆ ಕುಟುಕುವ ಮುಳ್ಳಿಲ್ಲ, ಜೇನೂ ಅತಿ ಸ್ವಲ್ಪ. ಅದನ್ನು ಸಾಕುವ ಕ್ರಮ ಬೇರೆಯೇ ಆದುದರಿಂದ ಇಲ್ಲಿ ಅದರ ಮಾತು ಬೇಡ.

ಉಳಿದದ್ದು ತುಡುವೆ ಜೇನು. ಇದು ಹುತ್ತ, ಮರದ ಪೊಟರೆ, ಹಳೆಯ ಬಾವಿಯ ಗೋಡೆಯ ಸಂದು ಮುಂತಾದ ಕತ್ತಲೆಯ ಜಾಗದಲ್ಲಿ ಒಂದರ ಪಕ್ಕಕ್ಕೆ ಒಂದರಂತೆ ಹಲವು ಎರಿಗಳನ್ನು ಕಟ್ಟುತ್ತದೆ. ಈ ಗುಣವಿರುವುದರಿಂದಲೇ ಅದು ಪೆಟ್ಟಿಗೆಯಲ್ಲಿ ಬಾಳುತ್ತದೆ. ಇದೇ ಗುಣದ ಇನ್ನೊಂದು ಜಾತಿ ಯುರೋಪಿನ ಜೇನು. ಇದನ್ನು ಮೆಲ್ಲಿಫೆರಾ ಎಂದೂ ಕರೆಯುತ್ತಾರೆ. 1962ರಲ್ಲಿ ಆಗಿನ ಪಂಜಾಬಿನ, ಈಗ ಹಿಮಾಚಲ ಪ್ರದೇಶದಲ್ಲಿರುವ, ನಗ್ರೋಟಾದಲ್ಲಿ ಇದು ನಮ್ಮ ದೇಶದಲ್ಲಿ ನೆಲೆಯೂರಿತು. ಈಗ ಸೂರ್ಯಕಾಂತಿ, ಸಾಸಿವೆ ಬೆಳೆಗಳನ್ನು ಹಿಂಬಾಲಿಸಿ ಲಾರಿಯಲ್ಲಿ ಪೆಟ್ಟಿಗೆ ಸಾಗಿಸುವವರೆಲ್ಲ ಸಾಕುವುದು ಇದನ್ನೇ.

ಮೆಲ್ಲಿಫೆರಾ ಹೆಚ್ಚು ಜೇನು ಕೊಡುವುದು ನಿಜ. ಆದರೆ ಅದರ ಸಂಸಾರ ದೊಡ್ಡದು, ಹೊಟ್ಟೆಯೂ ದೊಡ್ಡದು. ವರ್ಷವಿಡೀ ಒಂದೇ ಹೊಲದ ಬದುವಿನಲ್ಲಿಟ್ಟರೆ ಕದರಮಂಡಲಗಿಯಂಥ ಜಾಗದಲ್ಲಿ ಅದಕ್ಕೆ ತಿಂಗಳುಗಟ್ಟಲೆ ಸಕ್ಕರೆ ಪಾಕ ಉಣಿಸಬೇಕಾಗುತ್ತದೆ. ವರೋವಾ ಎಂಬ ನುಸಿಯ ಕಾಟವನ್ನು ತುಡುವೆ ತಾನೇ ಬಹುಮಟ್ಟಿಗೆ ತಡೆದುಕೊಳ್ಳುತ್ತದೆ. ಮೆಲ್ಲಿಫೆರಾಕ್ಕೆ ಆ ಶಕ್ತಿ ಕಡಿಮೆ. ಆದ್ದರಿಂದ ಪೆಟ್ಟಿಗೆಗಳನ್ನು ಊರಿಂದೂರಿಗೆ ಒಯ್ಯುವ ಉದ್ದೇಶವಿಲ್ಲದವರು, ಮನೆ ಹಿತ್ತಲಲ್ಲಿ ಅಥವಾ ಪಂಪ್‌ಸೆಟ್ ಮನೆಯ ಬಳಿ ಎರಡು ಪೆಟ್ಟಿಗೆ ಇಟ್ಟು ಕಲಿಯುವವರು ತುಡುವೆಯಿಂದಲೇ ಆರಂಭಿಸುವುದು ಉತ್ತಮ. ತುಡುವೆ ಸಾಕುವವರು 1991-92ರ ಸುಮಾರಿಗೆ ದಕ್ಷಿಣ ಭಾರತಕ್ಕೆ ಬಂದ ಥಾಯ್ ಸ್ಯಾಕ್‌ಬ್ರೂಡ್ ಎಂಬ ನಂಜುರೋಗವನ್ನು ಮರೆಯಬಾರದು. ಕೇರಳ, ಕರ್ನಾಟಕಗಳಲ್ಲಿ ಆಗ ತುಡುವೆ ಸಂಸಾರಗಳ ಬಹುಪಾಲು ನಾಶವಾಗಿ, ಪೆಟ್ಟಿಗೆಗಳು ರಾಶಿರಾಶಿಯಾಗಿ ಖಾಲಿ ಬಿದ್ದವು. ರೋಗ ತಡೆದು ಉಳಿದ ಸಂಸಾರಗಳಿಂದ ತುಡುವೆ ಮತ್ತೆ ಚೇತರಿಸಿಕೊಂಡಿದೆ.

ಪೆಟ್ಟಿಗೆ ತರುವುದಕ್ಕೆ ಮುಂಚೆ ನಿಮ್ಮ ಹೊಲದ ಹೂವುಗಳ ಮೇಲೆ ಯಾವ ಜೇನು ಕೂರುತ್ತದೆ ಎಂದು ಒಂದು ವರ್ಷ ಗಮನಿಸಿದರೆ ಖರ್ಚಿಲ್ಲದೆ ಬಹಳಷ್ಟು ತಿಳಿಯುತ್ತದೆ. ಬೆಳಗಿನ ಹೊತ್ತು ಕೊತ್ತಂಬರಿ, ಗುರೆಳ್ಳು, ನುಗ್ಗೆ ಹೂವಿನ ಮೇಲೆ ತುಡುವೆ ಕಂಡರೆ ಅರ್ಧ ಮೈಲಿಯ ಸುತ್ತಿನಲ್ಲಿ ಎಲ್ಲೋ ಅದರ ಹುಟ್ಟು ಇದೆ ಎಂದು ತಿಳಿಯಬಹುದು. ಎಲ್ಲಿಯೂ ಕಾಣದಿದ್ದರೆ ಅಲ್ಲಿ ಮೇವು ಕಡಿಮೆ, ಇಲ್ಲವೆ ಔಷಧ ಸಿಂಪರಣೆ ಹೆಚ್ಚು.

ಪೆಟ್ಟಿಗೆಯ ಗುಟ್ಟು: ಎಂಟು ಮಿಲಿಮೀಟರ್

ಹಿಂದೆ ಜೇನು ಸಾಕುವವರು ಮಡಕೆ, ಟೊಳ್ಳು ದಿಮ್ಮಿ, ಗೋಡೆಯ ಗೂಡುಗಳಲ್ಲಿ ಸಾಕುತ್ತಿದ್ದರು. ಜೇನು ಬೇಕೆಂದಾಗ ಎರಿಯನ್ನು ಕತ್ತರಿಸಿ ಹಿಂಡಬೇಕಾಗುತ್ತಿತ್ತು. ಮರಿಗಳೂ ಸಾಯುತ್ತಿದ್ದವು, ಸಂಸಾರವೂ ಹಾಳಾಗುತ್ತಿತ್ತು. ಎರಿಯನ್ನು ಒಡೆಯದೆ ಹೊರತೆಗೆದು, ನೋಡಿ, ಮರಳಿ ಇಡುವ ದಾರಿಯನ್ನು 1851ರಲ್ಲಿ ಅಮೆರಿಕದ ಲ್ಯಾಂಗ್‌ಸ್ಟ್ರಾತ್ ಎಂಬ ಪಾದ್ರಿ ಕಂಡುಕೊಂಡ. ಅವನು ಗಮನಿಸಿದ್ದು ಇಷ್ಟೇ: ಎರಡು ವಸ್ತುಗಳ ನಡುವೆ ಒಂದು ನಿರ್ದಿಷ್ಟ ಅಂತರವಿದ್ದರೆ ಜೇನುನೊಣ ಆ ಸಂದನ್ನು ಓಡಾಡುವ ದಾರಿಯೆಂದು ಬಿಟ್ಟುಬಿಡುತ್ತದೆ. ಅದಕ್ಕಿಂತ ಹೆಚ್ಚಾದರೆ ಅಲ್ಲಿ ಅಡ್ಡ ಎರಿ ಕಟ್ಟಿ ತುಂಬಿಸುತ್ತದೆ. ಕಡಿಮೆಯಾದರೆ ಅಲ್ಲಿ ನುಗ್ಗಲು ಆಗುವುದಿಲ್ಲ. ಈ ಅಂತರಕ್ಕೆ ಜೇನು ಅಂತರ ಎಂದು ಹೆಸರು. ಮೆಲ್ಲಿಫೆರಾಕ್ಕೆ ಅದು ಸುಮಾರು 9 ಮಿ.ಮೀ. ನಮ್ಮ ತುಡುವೆ ಮೈಯಲ್ಲಿ ಚಿಕ್ಕದು. ಅದಕ್ಕೆ 7ರಿಂದ 9, ಸಾಮಾನ್ಯವಾಗಿ 8 ಮಿ.ಮೀ.

ಪೆಟ್ಟಿಗೆಯ ಒಳಗೆ ಈ ಅಂತರ ಎಲ್ಲೆಲ್ಲಿ ಇರಬೇಕು ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡರೆ ಯಾವ ಪೆಟ್ಟಿಗೆಯನ್ನಾದರೂ ಪರೀಕ್ಷಿಸಬಹುದು. ಚೌಕಟ್ಟಿನ ಎರಡು ಪಕ್ಕದ ಪಟ್ಟಿಗಳಿಗೂ ಪೆಟ್ಟಿಗೆಯ ಗೋಡೆಗೂ ನಡುವೆ, ಕೆಳಗಿನ ಕೋಣೆಯ ಚೌಕಟ್ಟಿನ ತಲೆಗೂ ಮೇಲಿನ ಕೋಣೆಯ ಚೌಕಟ್ಟಿನ ಬುಡಕ್ಕೂ ನಡುವೆ, ಮೇಲಿನ ಚೌಕಟ್ಟಿಗೂ ಒಳಮುಚ್ಚಳಕ್ಕೂ ನಡುವೆ, ಮತ್ತು ಒಂದು ಎರಿಯ ಮುಖಕ್ಕೂ ಪಕ್ಕದ ಎರಿಯ ಮುಖಕ್ಕೂ ನಡುವೆ ಈ ಅಂತರ ಇರಬೇಕು. ಕೊನೆಯದನ್ನು ಸಾಧಿಸಲು ಚೌಕಟ್ಟುಗಳನ್ನು ನಡುಮಧ್ಯದಿಂದ ನಡುಮಧ್ಯಕ್ಕೆ ಅಳೆದು ಇಡುತ್ತಾರೆ. ಮೆಲ್ಲಿಫೆರಾಕ್ಕೆ ಈ ಅಳತೆ 35 ಮಿ.ಮೀ., ತುಡುವೆಗೆ 30ರಿಂದ 32 ಮಿ.ಮೀ., ಅಂದರೆ ಹೆಚ್ಚುಕಡಿಮೆ ಒಂದೂಕಾಲು ಅಂಗುಲ.

ಮೂರು ನಾಲ್ಕು ಮಿಲಿಮೀಟರ್ ವ್ಯತ್ಯಾಸದಿಂದ ಏನಾದೀತು ಎಂದು ಕೇಳಬಹುದು. ಗೋಡೆಯ ಬದಿಗೆ 8ರ ಬದಲು 14 ಮಿ.ಮೀ. ಬಿಟ್ಟರೆ ತುಡುವೆ ಚೌಕಟ್ಟನ್ನು ಗೋಡೆಗೆ ಸೇರಿಸಿ ಎರಿ ಕಟ್ಟುತ್ತದೆ. ಮುಂದಿನ ಸಲ ಚೌಕಟ್ಟು ಎತ್ತಿದಾಗ ಆ ಎರಿ ಹರಿದು ಮರಿಗಳು, ಜೇನು ಅಡಿಹಲಗೆಯ ಮೇಲೆ ಸುರಿಯುತ್ತವೆ. ವಾಸನೆಗೆ ಇರುವೆ ಬರುತ್ತದೆ. ಎರಡು ಮೂರು ಸಲ ಹೀಗಾದರೆ ಸಂಸಾರ ಪರಾರಿಯಾಗುತ್ತದೆ. ಅಂತರ 4 ಮಿ.ಮೀ.ಗೆ ಇಳಿದರೆ ಆ ಸಂದಿನಲ್ಲಿ ನೊಣಗಳ ಪಹರೆ ಇರುವುದಿಲ್ಲ. ಮೇಣದ ಪತಂಗ ಅಲ್ಲಿಯೇ ಮೊಟ್ಟೆಯಿಡುತ್ತದೆ. ಮೆಲ್ಲಿಫೆರಾ ಮರಗಳಿಂದ ಅಂಟು ತಂದು ಇಂಥ ಸಣ್ಣ ಸಂದುಗಳನ್ನು ಮೆತ್ತುತ್ತದೆ. ತುಡುವೆಗೆ ಆ ಅಭ್ಯಾಸವಿಲ್ಲ. ಹೀಗಾಗಿ ತುಡುವೆಯ ಪೆಟ್ಟಿಗೆಯ ಕೀಲುಗಳನ್ನು ಬಡಿಗನೇ ಬಿಗಿಯಾಗಿ ಮಾಡಿಕೊಡಬೇಕು.

ಪರೀಕ್ಷಿಸಲು ಒಂದು ಸುಲಭ ಉಪಾಯವಿದೆ. ಶಾಲೆಯ ಮಕ್ಕಳು ಬಳಸುವ ಸಾಧಾರಣ ಪೆನ್ಸಿಲ್ ಸುಮಾರು 7 ಮಿ.ಮೀ. ದಪ್ಪವಿರುತ್ತದೆ. ತುಡುವೆ ಪೆಟ್ಟಿಗೆಯ ಗೋಡೆಗೂ ಚೌಕಟ್ಟಿಗೂ ನಡುವೆ ಅದು ಸಡಿಲವಾಗಿ ಇಳಿಯಬೇಕು, ಎರಡು ಪೆನ್ಸಿಲ್ ಜೋಡಿಸಿದರೆ ಇಳಿಯಬಾರದು. ಮಾರುವವನ ಮುಂದೆಯೇ ಈ ಪರೀಕ್ಷೆ ಮಾಡಿ, ಸಂಕೋಚ ಬೇಡ. ಎತ್ತು ಕೊಳ್ಳುವಾಗ ಹಲ್ಲು ನೋಡುವುದಿಲ್ಲವೆ?

ಒಂದೇ ಥರ ಕಾಣುವ ಪೆಟ್ಟಿಗೆಗಳು

ತುಡುವೆಗೆಂದು ಮಾರುವ ಪೆಟ್ಟಿಗೆಗಳಲ್ಲಿ ಮುಖ್ಯವಾಗಿ ಎರಡು ಬಗೆಗಳಿವೆ. ಒಂದು ನ್ಯೂಟನ್ ಮಾದರಿ. ತಿರುಚಿರಾಪಳ್ಳಿಯಲ್ಲಿದ್ದ ಫಾದರ್ ನ್ಯೂಟನ್ ಎಂಬವರು ಇಪ್ಪತ್ತನೆಯ ಶತಮಾನದ ಎರಡನೆಯ ದಶಕದಲ್ಲಿ ದಕ್ಷಿಣ ಭಾರತದ ಚಿಕ್ಕ ತುಡುವೆಗೆ ಹೊಂದುವಂತೆ ಇದನ್ನು ರೂಪಿಸಿದರು. (ಜೇನು ಪೆಟ್ಟಿಗೆಯ ಚರಿತ್ರೆಯಲ್ಲಿ ಪಾದ್ರಿಗಳ ಕೈವಾಡ ಹೆಚ್ಚು.) ಇನ್ನೊಂದು ಭಾರತೀಯ ಮಾನಕ ಸಂಸ್ಥೆ ಗೊತ್ತುಪಡಿಸಿದ 'ಎ' ಮಾದರಿ. ಆ ಸಂಸ್ಥೆ 1987ರಿಂದ ಬಿ.ಐ.ಎಸ್. ಆಗಿದ್ದರೂ ಪೇಟೆಯಲ್ಲಿ ಇದನ್ನು ಇಂದಿಗೂ ಐ.ಎಸ್.ಐ. ಪೆಟ್ಟಿಗೆ ಎಂದೇ ಕರೆಯುತ್ತಾರೆ. ಇದೇ ಸಂಸ್ಥೆಯ 'ಬಿ' ಮಾದರಿ ಗುಡ್ಡಗಾಡಿನ ದೊಡ್ಡ ತುಡುವೆಗೆ ಮೀಸಲಾದದ್ದು, ನಮಗೆ ಬೇಕಿಲ್ಲ.

ನ್ಯೂಟನ್ ಮತ್ತು 'ಎ' ಮಾದರಿಗಳನ್ನು ದೂರದಿಂದ ನೋಡಿದರೆ ಅಣ್ಣತಮ್ಮಂದಿರಂತೆ ಕಾಣುತ್ತವೆ. ಆದರೆ 'ಎ' ಮಾದರಿಯ ಸಂಸಾರ ಕೋಣೆಯ ಚೌಕಟ್ಟಿನ ಒಳ ಅಳತೆ 210 ಮಿ.ಮೀ. ಉದ್ದ, 145 ಮಿ.ಮೀ. ಎತ್ತರ. ನ್ಯೂಟನ್ ಚೌಕಟ್ಟಿನ ಹೊರ ಅಳತೆಯೇ ಸುಮಾರು ಅಷ್ಟಿರುತ್ತದೆ. ಒಂದರ ಚೌಕಟ್ಟು ಇನ್ನೊಂದರ ಪೆಟ್ಟಿಗೆಗೆ ಹೊಂದುವುದಿಲ್ಲ. ಒಂದರಲ್ಲಿ ಕೆಳಗೆ ಜಾರುತ್ತದೆ, ಇನ್ನೊಂದರಲ್ಲಿ ಇಳಿಯುವುದೇ ಇಲ್ಲ. ಮೆಲ್ಲಿಫೆರಾಕ್ಕೆ ಬಳಸುವ ಲ್ಯಾಂಗ್‌ಸ್ಟ್ರಾತ್ ಪೆಟ್ಟಿಗೆಯಂತೂ ಬೇರೆಯೇ ಲೋಕ. ಅದರ ಚೌಕಟ್ಟು ಸುಮಾರು 448 ಮಿ.ಮೀ. ಉದ್ದ, 232 ಮಿ.ಮೀ. ಎತ್ತರ, ಕೋಣೆಗೆ ಹತ್ತು ಚೌಕಟ್ಟು. ಅಷ್ಟು ದೊಡ್ಡ ಮನೆಯಲ್ಲಿ ಚಿಕ್ಕ ತುಡುವೆ ಸಂಸಾರವನ್ನು ಕೂರಿಸಿದರೆ ಮರಿಗಳಿಗೆ ಬೇಕಾದ 34-35 ಡಿಗ್ರಿ ಕಾವನ್ನು ಕಾಯ್ದುಕೊಳ್ಳುವುದು ಅದಕ್ಕೆ ಕಷ್ಟ. ಖಾಲಿ ಎರಿಗಳನ್ನು ಕಾಯಲು ನೊಣಗಳೂ ಸಾಲುವುದಿಲ್ಲ.

'ಎ' ಮತ್ತು ನ್ಯೂಟನ್‌ಗಳಲ್ಲಿ ಯಾವುದು ಮೇಲು ಎಂಬ ವಾದಕ್ಕೆ ಅಷ್ಟು ಬೆಲೆಯಿಲ್ಲ. ಎರಡರಲ್ಲಿಯೂ ತುಡುವೆ ಚೆನ್ನಾಗಿ ಬಾಳಿದೆ. ನಿಮಗೆ ಜೇನು ಸಂಸಾರ ಕೊಡುವವರು ಯಾವ ಅಳತೆ ಬಳಸುತ್ತಾರೋ ಅದನ್ನೇ ನೀವೂ ಹಿಡಿಯಿರಿ. ಸಂಸಾರವು ಎರಿ ಸಮೇತ ನಾಲ್ಕಾರು ಚೌಕಟ್ಟುಗಳಲ್ಲಿ ಬರುತ್ತದೆ. ಆ ಚೌಕಟ್ಟು ನಿಮ್ಮ ಪೆಟ್ಟಿಗೆಯಲ್ಲಿ ಕೂರಬೇಕು. ಹತ್ತಿರದ ಒಬ್ಬಿಬ್ಬರು ಈಗಾಗಲೇ ಸಾಕುತ್ತಿದ್ದರೆ ಅವರ ಅಳತೆಯೇ ಊರಿನ ಅಳತೆಯಾಗಲಿ. ಒಬ್ಬರ ಸಂಸಾರ ರಾಣಿ ಕಳೆದುಕೊಂಡಾಗ ಇನ್ನೊಬ್ಬರು ಮೊಟ್ಟೆಯಿರುವ ಒಂದು ಚೌಕಟ್ಟು ಕೊಟ್ಟು ಉಳಿಸಬಹುದು. ಇಲಾಖೆಯ ಸಹಾಯಧನದಲ್ಲಿ ಪೆಟ್ಟಿಗೆ ಪಡೆಯುವವರೂ ಅರ್ಜಿ ಕೊಡುವಾಗಲೇ ಯಾವ ಮಾದರಿ ಬರುತ್ತದೆ ಎಂದು ಕೇಳಿ ಬರೆಸಿಕೊಳ್ಳಬೇಕು. ಕಡಿಮೆ ಹಣಕ್ಕೆ ಸಿಕ್ಕಿತೆಂದು ಊರಿನ ಅಳತೆಗೆ ಹೊಂದದ ಪೆಟ್ಟಿಗೆ ತಂದರೆ ಅದು ಒಂಟಿಯಾಗಿ ಉಳಿಯುತ್ತದೆ. ವಿಸ್ತರಣಾ ಕಾರ್ಯಕರ್ತರು ಒಂದು ಹೋಬಳಿಯಲ್ಲಿ ಎರಡು ಅಳತೆಯ ಪೆಟ್ಟಿಗೆ ಹಂಚದಂತೆ ನೋಡಿಕೊಂಡರೆ ಅದೇ ದೊಡ್ಡ ಉಪಕಾರ.

ಪೆಟ್ಟಿಗೆಯ ಭಾಗಗಳು, ಬುಡದಿಂದ ಮೇಲಕ್ಕೆ

ಎಲ್ಲಕ್ಕಿಂತ ಕೆಳಗೆ ಅಡಿಹಲಗೆ. ಇದು ಸಂಸಾರ ಕೋಣೆಗಿಂತ ಮುಂದಕ್ಕೆ ಸ್ವಲ್ಪ ಚಾಚಿಕೊಂಡಿದ್ದು ನೊಣಗಳು ಇಳಿಯಲು ಜಗುಲಿಯಂತೆ ಇರುತ್ತದೆ. ಅಡಿಹಲಗೆಯನ್ನು ಕೋಣೆಗೆ ಮೊಳೆ ಹೊಡೆದು ಸೇರಿಸಿರಬಾರದು. ತುಡುವೆ ಹಳೆಯ ಎರಿಯನ್ನು ಕಡಿದು ಕೆಡವುತ್ತದೆ. ಆ ಮೇಣದ ಪುಡಿಯಲ್ಲಿ ಪತಂಗದ ಹುಳು ಬೆಳೆಯುವುದರಿಂದ ವಾರಕ್ಕೊಮ್ಮೆ ಅಡಿಹಲಗೆ ತೆಗೆದು ಗುಡಿಸುವುದು ಅಗತ್ಯ.

ಅದರ ಮೇಲೆ ಸಂಸಾರ ಕೋಣೆ. ರಾಣಿ ಮೊಟ್ಟೆಯಿಡುವುದು, ಮರಿ ಬೆಳೆಯುವುದು, ಪರಾಗ ಕೂಡಿಡುವುದು ಇಲ್ಲಿ. ಈ ಕೋಣೆಯಲ್ಲಿರುವ ಜೇನು ನೊಣಗಳ ಹೊಟ್ಟೆಪಾಡಿನದು. ಅದಕ್ಕೆ ಕೈ ಹಾಕಬಾರದು. ಇದರ ಮೇಲೆ ಕುಳ್ಳಗಿನ ಜೇನು ಕೋಣೆ. 'ಎ' ಮಾದರಿಯಲ್ಲಿ ಇದರ ಚೌಕಟ್ಟಿನ ಒಳ ಎತ್ತರ 65 ಮಿ.ಮೀ. ಮಾತ್ರ. ಸಾಕುವವನ ಪಾಲು ಇಲ್ಲಿಂದ. ಹೊಸಬರು ಜೇನು ಕೋಣೆಯನ್ನು ಮೊದಲ ದಿನವೇ ಏರಿಸುವುದುಂಟು. ಹಾಗೆ ಮಾಡಬಾರದು. ಕೆಳಗಿನ ಎಲ್ಲ ಚೌಕಟ್ಟುಗಳೂ ನೊಣಗಳಿಂದ ತುಂಬಿ, ಹೊರಗೆ ಮೇವು ಚೆನ್ನಾಗಿದ್ದಾಗ ಮಾತ್ರ ಏರಿಸಬೇಕು. ಅಲ್ಲಿಯವರೆಗೆ ಅದು ಮನೆಯಲ್ಲಿರಲಿ.

ಇನ್ನು ಮುಚ್ಚಳ. ಒಳಮುಚ್ಚಳ ತೆಳುವಾದ ಹಲಗೆ. ನಡುವೆ ಗಾಳಿಗಾಗಿ ತಂತಿಬಲೆ ಬಡಿದ ರಂಧ್ರವಿರುತ್ತದೆ. ಹೊರಮುಚ್ಚಳ ಮಳೆ ಬಿಸಿಲು ತಡೆಯುವುದು. ಇದಕ್ಕೆ ತಗಡು ಹೊದಿಸುವುದು ರೂಢಿ. ನಮ್ಮ ಕಡೆಯ ಏಪ್ರಿಲ್-ಮೇ ಬಿಸಿಲಿಗೆ ಬರಿಯ ತಗಡು ಕಾದ ಹಂಚಾಗುತ್ತದೆ. ಹಲಗೆಯ ಮೇಲೆ ತಗಡು ಇರಲಿ. ಬೇಸಗೆಯಲ್ಲಿ ಅದರ ಮೇಲೆ ಹುಲ್ಲಿನ ಸಿವುಡು ಅಥವಾ ಒದ್ದೆ ಗೋಣಿಚೀಲ ಹಾಕಬೇಕು.

ಚೌಕಟ್ಟಿಗೆ ಹೆಚ್ಚು ಗಮನ ಬೇಕು. ಮೇಲ್ಪಟ್ಟಿ, ಎರಡು ಪಕ್ಕದ ಪಟ್ಟಿ, ಒಂದು ಕೆಳಪಟ್ಟಿ ಸೇರಿ ಚೌಕಟ್ಟು. ಮೇಲ್ಪಟ್ಟಿಯ ಎರಡು ತುದಿಗಳು ಕಿವಿಯಂತೆ ಹೊರಚಾಚಿ ಪೆಟ್ಟಿಗೆಯ ಗೋಡೆಯಲ್ಲಿ ಕೊರೆದ ಕಚ್ಚಿನ ಮೇಲೆ ಕೂರುತ್ತವೆ. ಮೇಲ್ಪಟ್ಟಿಯ ಅಡಿಭಾಗದಲ್ಲಿ ಉದ್ದಕ್ಕೂ ಒಂದು ಸಣ್ಣ ಕಾಲುವೆ ಇದ್ದರೆ ಮೇಣದ ಹಾಳೆ ಸಿಕ್ಕಿಸಲು ಅನುಕೂಲ. ಹಾಳೆ ಸಿಗದಿದ್ದರೂ ಚಿಂತೆಯಿಲ್ಲ; ಆ ಕಾಲುವೆಯಲ್ಲಿ ಕರಗಿಸಿದ ಜೇನುಮೇಣವನ್ನು ಗೆರೆಯಂತೆ ಎರೆದರೆ ತುಡುವೆ ಅದನ್ನೇ ಹಿಡಿದು ನೇರವಾಗಿ ಎರಿ ಇಳಿಸುತ್ತದೆ. ಹಾಳೆ ಕೊಳ್ಳುವುದಾದರೆ ಅಲ್ಲಿಯೂ ಅಳತೆಯ ಮಾತು ಬರುತ್ತದೆ. ಹಾಳೆಯ ಮೇಲೆ ಅಚ್ಚೊತ್ತಿದ ಆರು ಮೂಲೆಯ ಗುರುತುಗಳು ಮೆಲ್ಲಿಫೆರಾಕ್ಕೆ ಸುಮಾರು 5.4 ಮಿ.ಮೀ. ಅಗಲ ಇರುತ್ತವೆ. ತುಡುವೆಯ ಕೆಲಸಗಾರ ನೊಣದ ಕೋಶ 5 ಮಿ.ಮೀ.ಗಿಂತ ಚಿಕ್ಕದು. ಮೆಲ್ಲಿಫೆರಾದ ಹಾಳೆ ಕೊಟ್ಟರೆ ತುಡುವೆ ಅದರ ಮೇಲೆ ಸರಿಯಾದ ಎರಿ ಕಟ್ಟುವುದಿಲ್ಲ. ಹಾಳೆ ಸುರುಳಿ ಸುತ್ತಿ ಮಾರುವುದರಿಂದ ಇದು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ಹತ್ತು ಕೋಶಗಳನ್ನು ಅಳತೆಪಟ್ಟಿಯಿಂದ ಅಳೆದು ನೋಡಿ. ಹತ್ತು ಸೇರಿ 54 ಮಿ.ಮೀ. ಬಂದರೆ ಅದು ನಿಮ್ಮದಲ್ಲ.

ಊರಿನ ಬಡಿಗನಿಂದ ಮಾಡಿಸುವುದು

ಒಂದು ಮಾದರಿ ಪೆಟ್ಟಿಗೆ ಕೈಯಲ್ಲಿದ್ದರೆ ಉಳಿದವನ್ನು ಊರಿನಲ್ಲೇ ಮಾಡಿಸಬಹುದು. ಬಡಿಗರು ಬಾಗಿಲು ಚೌಕಟ್ಟಿಗೆ ಅರ್ಧ ನೂಲಿನ ಅಳತೆ ಹಿಡಿಯಬಲ್ಲವರು. ಜೇನು ಪೆಟ್ಟಿಗೆಗೂ ಅಷ್ಟೇ ನಿಖರತೆ ಬೇಕೆಂದು ಹೇಳಿದರೆ ಸಾಕು. ಲೆಕ್ಕ ಇಷ್ಟೇ: ಚೌಕಟ್ಟಿನ ಹೊರ ಉದ್ದಕ್ಕೆ ಎರಡೂ ಬದಿ 8 ಮಿ.ಮೀ. ಸೇರಿಸಿದರೆ ಕೋಣೆಯ ಒಳ ಉದ್ದ. ಪಕ್ಕದ ಪಟ್ಟಿ ಸೇರಿ ಚೌಕಟ್ಟು 230 ಮಿ.ಮೀ. ಇದ್ದರೆ ಕೋಣೆ ಒಳಗೆ 246 ಮಿ.ಮೀ. ಇರಬೇಕು. ಅಗಲಕ್ಕೆ ಒಂದೊಂದು ಚೌಕಟ್ಟಿಗೆ 32 ಮಿ.ಮೀ.ಯಂತೆ ಲೆಕ್ಕ ಹಾಕಿ, ಮೊದಲ ಚೌಕಟ್ಟನ್ನು ಸರಾಗವಾಗಿ ಎತ್ತಲು ಐದಾರು ಮಿ.ಮೀ. ಹೆಚ್ಚು ಬಿಡಬೇಕು. ಎಂಟು ಚೌಕಟ್ಟಿನ ಪೆಟ್ಟಿಗೆಗೆ 256, ಅದರ ಮೇಲೆ ಈ ಸಡಿಲ.

ಬಡಿಗರು ಸಾಮಾನ್ಯವಾಗಿ ಎಡವುವುದು ಕಚ್ಚಿನ ಆಳದಲ್ಲಿ. ಚೌಕಟ್ಟಿನ ತಲೆ ಕೋಣೆಯ ಅಂಚಿಗೆ ಸಮನಾಗಿ ಕೂತು, ಮೇಲಿನ ಕೋಣೆಯ ಚೌಕಟ್ಟಿನ ಬುಡ ತನ್ನ ಅಂಚಿಗಿಂತ 8 ಮಿ.ಮೀ. ಒಳಗಿದ್ದರೆ ಅಂತರ ಸರಿಯಾಗುತ್ತದೆ. ಒಂದು ಪೆಟ್ಟಿಗೆಯಲ್ಲಿ ಹೀಗೆ, ಇನ್ನೊಂದರಲ್ಲಿ ಚೌಕಟ್ಟಿನ ತಲೆ 8 ಮಿ.ಮೀ. ಕೆಳಗೆ ಎಂದು ಮಾಡಿದರೆ, ಕೋಣೆಗಳನ್ನು ಅದಲುಬದಲು ಮಾಡಿದಾಗ ಅಂತರ 16 ಆಗುತ್ತದೆ, ಇಲ್ಲವೆ ಸೊನ್ನೆ. ಮೊದಲನೆಯ ಪೆಟ್ಟಿಗೆಯ ಕಚ್ಚಿನ ಅಳತೆಗೆ ಒಂದು ಮರದ ತುಂಡನ್ನು ಅಚ್ಚಾಗಿ ಮಾಡಿಟ್ಟುಕೊಂಡು ಎಲ್ಲ ಪೆಟ್ಟಿಗೆಗೂ ಅದನ್ನೇ ಬಳಸಬೇಕು.

ಮರ ಚೆನ್ನಾಗಿ ಒಣಗಿರಬೇಕು. ಹಸಿ ಮರ ಒಣಗಿದ ಮೇಲೆ ಕುಗ್ಗಿ ಸೊಟ್ಟಾಗುತ್ತದೆ. 8 ಇದ್ದದ್ದು 5 ಆಗುತ್ತದೆ. ತೇಗ, ಹಲಸು ಬಾಳಿಕೆ ಬರುತ್ತವೆ. ಘಾಟು ವಾಸನೆಯ ಮರ ಬೇಡ. ಹಲಗೆಯ ದಪ್ಪ 20-22 ಮಿ.ಮೀ. ಇದ್ದರೆ ನಮ್ಮ ಬಿಸಿಲಿಗೂ ಚಳಿಗೂ ಸಾಕು. ತೆಳು ಹಲಗೆಯ ಪೆಟ್ಟಿಗೆ ಅಗ್ಗವೆನಿಸಿದರೂ ಎರಡನೆಯ ಬೇಸಗೆಗೆ ಬಾಯಿ ಬಿಡುತ್ತದೆ. ಬಣ್ಣವನ್ನು ಹೊರಮೈಗೆ ಮಾತ್ರ ಬಳಿಯಬೇಕು, ಅದೂ ಬಿಳಿ ಅಥವಾ ತಿಳಿ ಬಣ್ಣ. ವಾಸನೆ ಪೂರ್ತಿ ಹೋಗುವವರೆಗೆ ಗಾಳಿಗಿಟ್ಟು ಆಮೇಲೆ ಜೇನು ಕೂರಿಸಬೇಕು.

ಹಳೆಯ ಪೆಟ್ಟಿಗೆ ಅಗ್ಗಕ್ಕೆ ಸಿಕ್ಕರೆ ಬಿಡಬೇಕಾಗಿಲ್ಲ. ಆದರೆ ಒಳಗೆ ಉಳಿದ ಎರಿ, ಮೇಣವನ್ನೆಲ್ಲ ಕೆರೆದು ಸುಟ್ಟುಬಿಡಿ. ಪೆಟ್ಟಿಗೆಯನ್ನು ಸೋಡಾ ಹಾಕಿದ ಬಿಸಿನೀರಿನಲ್ಲಿ ಉಜ್ಜಿ ತೊಳೆದು, ಒಳಗೋಡೆಗೆ ಬೆಂಕಿಯ ಜ್ವಾಲೆ ಲಘುವಾಗಿ ತಾಗಿಸಿ, ಹಲವು ದಿನ ಬಿಸಿಲಿಗೆ ಒಣಗಿಸಬೇಕು. ಅದರೊಂದಿಗೆ ಹಳೆಯ ಎರಿ ಉಚಿತವಾಗಿ ಕೊಡುತ್ತೇನೆಂದರೂ ತರಬೇಡಿ.

ಯಾವ ಸಲಕರಣೆ ಬೇಕು, ಯಾವುದು ಬೇಡ

ಪಟ್ಟಿ ಹಿಡಿದು ಮಾರುವವರು ಹತ್ತು ಹದಿನೈದು ಸಾಮಾನು ತೋರಿಸುತ್ತಾರೆ. ಮೊದಲ ವರ್ಷಕ್ಕೆ ಎರಡು ಪೆಟ್ಟಿಗೆ, ಎರಡು ಕಾಲುಮಣೆ (ಸ್ಟ್ಯಾಂಡು), ಒಂದು ಮುಖಪರದೆ, ಒಂದು ಹೊಗೆತಿದಿ, ಒಂದು ಚೂರಿ ಮತ್ತು ಮೆತ್ತನೆಯ ಕುಂಚ ಇದ್ದರೆ ಸಾಕು. ಪೆಟ್ಟಿಗೆ ಎರಡು ಏಕೆಂದರೆ, ಒಂದು ಸಂಸಾರ ಸೊರಗಿದೆಯೋ ಇಲ್ಲವೋ ಎಂಬುದು ಇನ್ನೊಂದರ ಪಕ್ಕದಲ್ಲಿಟ್ಟು ನೋಡಿದಾಗಲೇ ಹೊಸಬನಿಗೆ ತಿಳಿಯುವುದು. ಒಂದರಲ್ಲಿ ಪಾಲಾದಾಗ ಕೂರಿಸಲು ಜಾಗವೂ ಬೇಕು.

ಮುಖಪರದೆಯನ್ನು ಕಪ್ಪು ಬಲೆಯಿಂದ, ಅಗಲ ಅಂಚಿನ ಟೋಪಿಯ ಮೇಲೆ ಮನೆಯಲ್ಲೇ ಹೊಲಿಯಬಹುದು. ಬಿಳಿ ಬಲೆಯ ಮೂಲಕ ನೋಡಿದರೆ ಕಣ್ಣಿಗೆ ಬೆಳಕು ಹೊಡೆದು ಮೊಟ್ಟೆ ಕಾಣುವುದಿಲ್ಲ. ಕೈಗವಸು ಬೇಕೆನಿಸಿದರೆ ಇರಲಿ. ತುಡುವೆ ಕೆಲಸಕ್ಕೆ ಬರಿಗೈಯೇ ಹೆಚ್ಚು ಹಗುರ. ದಪ್ಪ ಗವಸಿನ ಕೈ ಚೌಕಟ್ಟಿಗೆ ಬಡಿದು ನೊಣಗಳನ್ನು ಜಜ್ಜುತ್ತದೆ, ಆಮೇಲೆ ಅವು ಕುಟುಕುತ್ತವೆ. ಹೊಗೆತಿದಿಯಲ್ಲಿ ಹಳೆಯ ಗೋಣಿಚೀಲದ ತುಂಡು ಅಥವಾ ತೆಂಗಿನ ನಾರು ಹೊತ್ತಿಸಿ ಒಂದೆರಡು ಸಲ ತಂಪು ಹೊಗೆ ಬಿಟ್ಟರೆ ಸಾಕು. ತುಡುವೆಗೆ ಹೊಗೆ ಹೆಚ್ಚಾದರೆ ಎರಿ ಬಿಟ್ಟು ಓಡಾಡಲು ತೊಡಗುತ್ತದೆ. ಮೆಲ್ಲಿಫೆರಾ ಸಾಕುವವರು ಅಂಟಿದ ಚೌಕಟ್ಟುಗಳನ್ನು ಎಬ್ಬಿಸಲು ಕಬ್ಬಿಣದ ಮೀಟುಗೋಲು ಬಳಸುತ್ತಾರೆ. ತುಡುವೆ ಅಂಟು ಬಳಸದಿರುವುದರಿಂದ ಚೂರಿಯೇ ಸಾಕು.

ಬಾಗಿಲಿಗೆ ಹಾಕುವ ರಾಣಿಗೇಟು ಎಂಬ ತಗಡಿನ ಪಟ್ಟಿ ಹತ್ತಿರವಿರಲಿ. ಕೆಲಸಗಾರ ನೊಣ ನುಸುಳುವಷ್ಟು, ರಾಣಿ ನುಸುಳದಷ್ಟು ಕಿಂಡಿ ಇದರಲ್ಲಿರುತ್ತದೆ. ಹೊಸದಾಗಿ ಕೂರಿಸಿದ ಸಂಸಾರ ಮೊದಲ ಕೆಲವು ದಿನ ಎದ್ದು ಹೋಗದಂತೆ ಇದು ತಡೆಯುತ್ತದೆ. ಆದರೆ ಇದನ್ನು ಹಾಕಿ ಮರೆತರೆ ಅಪಾಯ. ಹೊಸ ರಾಣಿ ಹುಟ್ಟಿದ್ದರೆ ಅವಳು ಗಂಡುನೊಣಗಳನ್ನು ಕೂಡಲು ಹೊರಗೆ ಹಾರಲೇಬೇಕು. ಗೇಟು ತಡೆದರೆ ಅವಳು ಫಲವಾಗದೆ ಉಳಿದು ಸಂಸಾರ ನಶಿಸುತ್ತದೆ. ಸಂಸಾರ ಎರಿ ಕಟ್ಟಲು, ಕಾಲಿಗೆ ಪರಾಗ ಅಂಟಿಸಿಕೊಂಡು ಬರಲು ತೊಡಗಿದ ಕೂಡಲೇ ಗೇಟು ತೆಗೆಯಬೇಕು. ಸಂಸಾರ ಕೋಣೆಗೂ ಜೇನು ಕೋಣೆಗೂ ನಡುವೆ ಇಡುವ ರಾಣಿತಡೆ ಮೊದಲ ವರ್ಷ ಬೇಕಾಗುವುದಿಲ್ಲ.

ಜೇನು ತೆಗೆಯುವ ಯಂತ್ರ ಎಲ್ಲಕ್ಕಿಂತ ದುಬಾರಿ. ಎರಿ ಒಡೆಯದೆ ಚೌಕಟ್ಟನ್ನು ಗಿರ್ರನೆ ತಿರುಗಿಸಿ ಜೇನು ಹೊರಹಾಕುವ ಈ ಯಂತ್ರವನ್ನು 1865ರಲ್ಲಿ ರುಷ್ಕಾ ಎಂಬವನು ಕಂಡುಹಿಡಿದ. ಖಾಲಿ ಎರಿಯನ್ನು ಮರಳಿ ಕೊಟ್ಟರೆ ನೊಣಗಳ ಶ್ರಮ ಉಳಿಯುತ್ತದೆ. ಆದರೆ ಎರಡು ಪೆಟ್ಟಿಗೆಯವನು ಇದನ್ನು ಒಂಟಿಯಾಗಿ ಕೊಳ್ಳುವುದು ಎರಡು ಕೋಳಿಗೆ ಕಾವು ಯಂತ್ರ ತಂದಂತೆ. ಐದಾರು ಜನ ಸೇರಿ, ಅಥವಾ ಸಂಘದ ಮೂಲಕ ಒಂದನ್ನು ಕೊಂಡರೆ ಎಲ್ಲರಿಗೂ ಆಗುತ್ತದೆ. ಇದೂ ಎಲ್ಲರ ಚೌಕಟ್ಟು ಒಂದೇ ಅಳತೆಯಾಗಿದ್ದರೆ ಮಾತ್ರ. ಮೊದಲ ವರ್ಷದ ಜೇನನ್ನು ನೊಣಗಳಿಗೇ ಬಿಡುವುದು ಹೆಚ್ಚು ಲಾಭ.

ಕಾಲುಮಣೆ, ನೀರು, ಮತ್ತು ಔಷಧದ ದಿನ

ಕಾಲುಮಣೆ ನೆಲದಿಂದ ಎರಡು ಅಡಿ ಎತ್ತರವಿರಲಿ. ಅದರ ನಾಲ್ಕು ಕಾಲುಗಳನ್ನೂ, ಒಂದೇ ಕಂಬವಾಗಿದ್ದರೆ ಕಂಬದ ಬುಡವನ್ನೂ ನೀರಿನ ಬಟ್ಟಲಲ್ಲಿ ನಿಲ್ಲಿಸಿದರೆ ಇರುವೆ ಏರುವುದಿಲ್ಲ. ನಮ್ಮ ಬಿಸಿಲಿಗೆ ಬಟ್ಟಲು ಎರಡೇ ದಿನಕ್ಕೆ ಒಣಗುತ್ತದೆ. ಹಳೆಯ ಯಂತ್ರದ ಎಣ್ಣೆ ಸ್ವಲ್ಪ ಹಾಕಿದರೆ ಕೆಲವು ದಿನ ಹೆಚ್ಚು ನಿಲ್ಲುತ್ತದೆ. ಹುಲ್ಲುಕಡ್ಡಿ ಅಥವಾ ಕೊಂಬೆ ಕಾಲುಮಣೆಗೆ ತಾಗಿದ್ದರೆ ಅದು ಇರುವೆಗೆ ಸೇತುವೆ. ಹೊಂಗೆ, ಬೇವು, ಹುಣಸೆಯ ನೆರಳು, ಮುಂಜಾನೆಯ ಎಳೆಬಿಸಿಲು ಬಾಗಿಲಿಗೆ ಬೀಳುವಂಥ ದಿಕ್ಕು, ಪಡುವಣ ಗಾಳಿಗೆ ಮರೆ ಇರುವ ಜಾಗ ಆರಿಸಬೇಕು. ಹತ್ತಿರದಲ್ಲಿ ಅಗಲವಾದ ಮಣ್ಣಿನ ತಟ್ಟೆಯಲ್ಲಿ ಹರಳುಗಲ್ಲು ಹಾಕಿ ನೀರಿಟ್ಟರೆ ನೊಣ ಮುಳುಗದೆ ಕುಡಿಯುತ್ತದೆ. ಬೇಸಗೆಯಲ್ಲಿ ಗೂಡು ತಂಪಾಗಿಸಲು ಅವಕ್ಕೆ ನೀರು ಬಹಳ ಬೇಕು.

ಬ್ಯಾಡಗಿ ಸೀಮೆಯಲ್ಲಿ ಜೇನಿಗೆ ದೊಡ್ಡ ಶತ್ರು ಔಷಧ ಸಿಂಪರಣೆ. ಮೆಣಸಿನಕಾಯಿಗೆ ಮುಟುರು ರೋಗ, ಥ್ರಿಪ್ಸ್, ನುಸಿಗಳಿಗಾಗಿ ಹಲವು ಸಲ ಹೊಡೆಯುತ್ತಾರೆ. 2021-22ರಲ್ಲಿ ಹೊಸ ಥ್ರಿಪ್ಸ್ ಬಂದ ಮೇಲೆ ಇದು ಇನ್ನೂ ಹೆಚ್ಚಿತು. ಪೆಟ್ಟಿಗೆಯನ್ನು ಮೆಣಸಿನಕಾಯಿ ಹೊಲದ ನಡುವೆ ಇಡಬೇಡಿ. ಹಿತ್ತಲು, ತೋಟದ ಅಂಚು ಮೇಲು. ಪಕ್ಕದ ಹೊಲದವರಿಗೆ ಮುಂಚೆಯೇ ತಿಳಿಸಿ, ಸಾಧ್ಯವಾದಷ್ಟು ಮಟ್ಟಿಗೆ ಸಂಜೆ ನೊಣಗಳು ಮನೆ ಸೇರಿದ ಮೇಲೆ ಹೊಡೆಯಲು ಒಪ್ಪಿಸಬೇಕು. ಹಗಲಿನಲ್ಲೇ ಹೊಡೆಯುವುದು ತಪ್ಪದಿದ್ದರೆ, ಹಿಂದಿನ ರಾತ್ರಿ ಬಾಗಿಲಿಗೆ ತಂತಿಬಲೆಯ ತುಂಡು ಸಿಕ್ಕಿಸಿ, ಪೆಟ್ಟಿಗೆಯ ಮೇಲೆ ನೆರಳು ಮಾಡಿ, ಸಿಂಪರಣೆಯ ಒಂದು ಹೊತ್ತು ಮಾತ್ರ ಮುಚ್ಚಿಡಬಹುದು. ಒಳಗೆ ಗಾಳಿಯಾಡದಂತೆ ಬಟ್ಟೆ ತುರುಕಿದರೆ ಔಷಧಕ್ಕಿಂತ ಮುಂಚೆ ಉಬ್ಬೆಗೇ ನೊಣ ಸಾಯುತ್ತವೆ. ಹೊರಮುಚ್ಚಳ ಸರಿಸಿ ಒಳಮುಚ್ಚಳದ ತಂತಿಬಲೆಯಿಂದ ಗಾಳಿ ಹೋಗುವಂತೆ ಮಾಡಬೇಕು. ಈ ಒಂದು ತುಂಡು ತಂತಿಬಲೆ ಸಲಕರಣೆ ಮಾರುವವರ ಪಟ್ಟಿಯಲ್ಲಿ ಇರುವುದಿಲ್ಲ. ನಮ್ಮ ಭಾಗದವರು ಮಾತ್ರ ಅದನ್ನು ಪೆಟ್ಟಿಗೆಯ ಜೊತೆಗೇ ಮಾಡಿಸಿಟ್ಟುಕೊಳ್ಳಬೇಕು.

ಯಾವಾಗ ಆರಂಭಿಸಬೇಕು?

ಪೆಟ್ಟಿಗೆಯನ್ನು ಮಳೆಗಾಲದಲ್ಲೇ ಮಾಡಿಸಿ ಸಿದ್ಧವಿಟ್ಟುಕೊಳ್ಳಿ. ಮಳೆ ಹಿಂದೆ ಸರಿದು ಸೆಪ್ಟೆಂಬರ್-ಅಕ್ಟೋಬರಿನಲ್ಲಿ ಗುರೆಳ್ಳು, ಸೂರ್ಯಕಾಂತಿ, ಹತ್ತಿ, ಬದುವಿನ ತುಂಬೆ ಹೂಬಿಡುವ ಹೊತ್ತಿಗೆ ಸಂಸಾರ ತಂದರೆ, ಮುಂದೆ ಕೊತ್ತಂಬರಿ, ಕುಸುಬಿ, ಆಮೇಲೆ ಬೇವು, ಹೊಂಗೆ, ಹುಣಸೆಯವರೆಗೆ ಮೇವು ಸಾಗುತ್ತದೆ. ಮುಂಗಾರು ಜೋರು ಹಿಡಿದಾಗ ಮಾತ್ರ ಸಮಭಾಗ ಸಕ್ಕರೆ ಮತ್ತು ನೀರಿನ ಪಾಕವನ್ನು ಸಂಜೆ ಹೊತ್ತು ಪೆಟ್ಟಿಗೆಯ ಒಳಗೆ, ಕಡ್ಡಿ ಹಾಕಿದ ಚಿಕ್ಕ ಬಟ್ಟಲಲ್ಲಿ ಇಡಬೇಕಾಗುತ್ತದೆ. ಹೊರಗೆ ಚೆಲ್ಲಿದರೆ ಇರುವೆಗಳಿಗೂ ಬೇರೆ ಹುಟ್ಟಿನ ಕಳ್ಳನೊಣಗಳಿಗೂ ಆಹ್ವಾನ.

ಸಂಸಾರ ಕೊಳ್ಳುವಾಗ ಚೌಕಟ್ಟುಗಳನ್ನು ಒಂದೊಂದಾಗಿ ಎತ್ತಿಸಿ ನೋಡಿ. ಮೊಟ್ಟೆ, ಮರಿ, ಮುಚ್ಚಿದ ಕೋಶ ಮೂರೂ ಇರಬೇಕು. ಮರಿಗಳು ಮುತ್ತಿನಂತೆ ಬಿಳಿಯಾಗಿರಬೇಕು. ಕೋಶದಲ್ಲಿ ನೆಟ್ಟಗೆ ನಿಂತು, ತಲೆ ಕಂದಾಗಿ, ನೀರು ತುಂಬಿದ ಚೀಲದಂತಿರುವ ಮರಿ ಕಂಡರೆ ಅದು ಸ್ಯಾಕ್‌ಬ್ರೂಡ್ ಚಿಹ್ನೆ, ಆ ಸಂಸಾರ ಬೇಡ. ನಿಮ್ಮ ಪೆಟ್ಟಿಗೆಯ ಒಂದು ಖಾಲಿ ಚೌಕಟ್ಟನ್ನು ಜೊತೆಗೆ ಒಯ್ದು ಮಾರುವವರ ಪೆಟ್ಟಿಗೆಯಲ್ಲಿ ಇಳಿಸಿ ನೋಡಿ. ಕೂತರೆ ಮುಂಗಡ ಕೊಡಿ. ಅಳತೆಯ ಬಗ್ಗೆ ಸಂದೇಹವಿದ್ದರೆ ಚೌಕಟ್ಟು ಸಮೇತ ಹನುಮನಮಟ್ಟಿಯ ಕೃಷಿ ವಿಜ್ಞಾನ ಕೇಂದ್ರಕ್ಕೆ ಅಥವಾ ನಿಮ್ಮ ತಾಲ್ಲೂಕಿನ ತೋಟಗಾರಿಕೆ ಇಲಾಖೆಯ ಕಚೇರಿಗೆ ಹೋಗಿ ವಿಚಾರಿಸಬಹುದು.